ಈರುಳ್ಳಿ ಪೊರೆಯ ಆಚೆ

ನಮ್ಮ ಬೆಳ್ಳೂರು ಪ್ರೌಢಶಾಲೆಯಲ್ಲಿ ಮೇಷ್ಟ್ರು ಸೂಕ್ಷ್ಮದರ್ಶಕವನ್ನು ಕಿಟಕಿ ಪಕ್ಕ ಇಟ್ಟು, ಕನ್ನಡಿ ತಿರುಗಿಸಿ ಬೆಳಕು ಹಿಡಿದು ಈರುಳ್ಳಿ ಪೊರೆ ತೋರಿಸುತ್ತಿದ್ದರು. ನನ್ನ ಸರದಿ ಬಂದಾಗ ಇಟ್ಟಿಗೆ ಜೋಡಿಸಿದಂತೆ ಜೀವಕೋಶಗಳು, ಒಳಗೊಂದೊಂದು ಚುಕ್ಕೆ. "ಚುಕ್ಕೆಯೊಳಗೆ ಏನಿದೆ ಸಾರ್?" ಎಂದೆ. "ಎಷ್ಟು ಒಳ್ಳೆ ಮಸೂರ ಹಾಕಿದರೂ ಬೆಳಕಿಗೆ ಒಂದು ಗಡಿ ಇದೆ ಕಣೋ" ಎಂದರು.

ಆ ಗಡಿಯನ್ನು 1873ರಲ್ಲಿ ಹೇಳಿದವರು ಜರ್ಮನಿಯ ಅರ್ನ್ಸ್ಟ್ ಅಬೆ. ಬೆಳಕಿನ ಅಲೆಯುದ್ದದ ಸುಮಾರು ಅರ್ಧಕ್ಕಿಂತ, ಅಂದರೆ ಹೆಚ್ಚುಕಡಿಮೆ 200 ನ್ಯಾನೋಮೀಟರಿಗಿಂತ ಹತ್ತಿರವಿರುವ ಎರಡು ಬಿಂದುಗಳು ಒಂದೇ ಮಸುಕು ಮಚ್ಚೆಯಾಗಿ ಕಾಣುತ್ತವೆ. ಪ್ರೋಟೀನುಗಳೋ ಕೆಲವೇ ನ್ಯಾನೋಮೀಟರ್. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇನ್ನೂ ಸಣ್ಣದನ್ನು ತೋರಿಸುತ್ತದೆ, ಆದರೆ ಅದರ ನಿರ್ವಾತದಲ್ಲಿ ಜೀವಂತ ಕೋಶವನ್ನು ನೋಡಲಾಗದು.

ನಾನು ಎಸ್ಸೆಸ್ಸೆಲ್ಸಿ ಬರೆದ 2006ರಲ್ಲೇ ಅಮೆರಿಕದ ಎರಿಕ್ ಬೆಟ್ಜಿಗ್ ಮತ್ತು ಸಂಗಡಿಗರು ಈ ಗಡಿಯನ್ನು ಬಳಸಿ ಹೋಗುವ ದಾರಿಯೊಂದನ್ನು ಪ್ರಕಟಿಸಿದರು. ಬೆಟ್ಜಿಗ್ ಸಂಶೋಧನೆಯನ್ನೇ ಬಿಟ್ಟು ಕೆಲವು ವರ್ಷ ತಂದೆಯ ಯಂತ್ರೋಪಕರಣ ಕಂಪನಿಯಲ್ಲಿ ದುಡಿದವರು. ಮೊದಲ ಉಪಕರಣ ಜೋಡಿಸಿದ್ದು ಗೆಳೆಯ ಹೆರಾಲ್ಡ್ ಹೆಸ್ ಮನೆಯ ಹಜಾರದಲ್ಲಿ!

ಮುಂಗಾರಿನ ರಾತ್ರಿ ಹುಣಸೆಮರದ ಮಿಣುಕುಹುಳಗಳನ್ನು ನೆನೆಯಿರಿ. ಎಲ್ಲವೂ ಒಟ್ಟಿಗೆ ಮಿನುಗಿದರೆ ದೂರಕ್ಕೆ ಬೆಳಕಿನ ಮುದ್ದೆ. ಒಂದೊಂದಾಗಿ ಮಿನುಗಿದರೆ ಪ್ರತಿಯೊಂದರ ಜಾಗ ಗುರುತಿಸಬಹುದು. ಅವರೂ ಅದನ್ನೇ ಮಾಡಿದರು. ಪ್ರೋಟೀನಿಗೆ ಹೊಳೆಯುವ ಅಣು ಸೇರಿಸಿ, ಲೇಸರಿನಿಂದ ಒಮ್ಮೆಗೆ ಕೆಲವನ್ನಷ್ಟೇ ಬೆಳಗಿಸಿ, ಸಾವಿರಾರು ಚಿತ್ರ ತೆಗೆದು, ಪ್ರತಿ ಮಚ್ಚೆಯ ನಡುಬಿಂದುವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಒಂದೇ ಚಿತ್ರವಾಗಿ ಕೂಡಿಸಿದರು. ಸಾಫ್ಟ್‌ವೇರ್ ಕೆಲಸದವನಾದ ನನಗೆ ಇದೇ ಖುಷಿ: ಇಲ್ಲಿ ಮಸೂರದಷ್ಟೇ ಪಾಲು ಲೆಕ್ಕದ್ದೂ ಇದೆ. ಸ್ಟೆಫಾನ್ ಹೆಲ್ ಅವರದು ಬೇರೆ ದಾರಿ. ಬಳೆಯಾಕಾರದ ಇನ್ನೊಂದು ಲೇಸರಿನಿಂದ ಸುತ್ತಲಿನ ಹೊಳಪು ಆರಿಸಿ ನಡುವಿನದನ್ನು ಮಾತ್ರ ಉಳಿಸುವುದು. ಈ ಇಬ್ಬರಿಗೂ ಒಂಟಿ ಅಣುವನ್ನು ಬೆಳಕಿನಿಂದ ಪತ್ತೆಹಚ್ಚಿದ ಮೋರ್ನರ್ ಅವರಿಗೂ 2014ರ ರಸಾಯನಶಾಸ್ತ್ರ ನೊಬೆಲ್ ಬಂತು.

ಫಲ? 2013ರಲ್ಲಿ ನರಕೋಶದ ಉದ್ದನೆಯ ಎಳೆಯೊಳಗೆ, ಪೀಪಾಯಿಗೆ ಪಟ್ಟಿ ಬಿಗಿದಂತೆ, ಸುಮಾರು 190 ನ್ಯಾನೋಮೀಟರಿಗೊಂದು ಆಕ್ಟಿನ್ ಉಂಗುರ ಕಂಡಿತು. ಗಡಿಯ ಕೆಳಗೇ ಅಡಗಿತ್ತು ನೋಡಿ!

ಇದೆಲ್ಲ ಹೊರದೇಶದ ಮಾತು ಅನ್ನಬೇಡಿ. 1998ರಲ್ಲೇ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸತ್ಯಜಿತ್ ಮೇಯರ್ ಮತ್ತು ರಜತ್ ವರ್ಮಾ ಇನ್ನೊಂದು ಉಪಾಯ ಹೂಡಿದ್ದರು. ತೀರಾ ಹತ್ತಿರವಿರುವ ಹೊಳೆಯುವ ಅಣುಗಳು ಒಂದಕ್ಕೊಂದು ಶಕ್ತಿ ದಾಟಿಸುತ್ತವೆ. ಅದನ್ನು ಅಳೆದು, ಕೋಶದ ಹೊರಪೊರೆಯ ಕೆಲವು ಪ್ರೋಟೀನುಗಳು 70 ನ್ಯಾನೋಮೀಟರಿಗಿಂತ ಚಿಕ್ಕ ಗುಂಪುಗಳಲ್ಲಿವೆ ಎಂದು 'ನೇಚರ್' ಪತ್ರಿಕೆಯಲ್ಲಿ ತೋರಿಸಿದರು.

ಮೊನ್ನೆ ಮೇಷ್ಟ್ರಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ಹಾಗಾದರೆ ನಾನು ಹೇಳಿದ್ದು ತಪ್ಪೇನೋ?" ಎಂದರು.

"ಇಲ್ಲ ಸಾರ್. ಒಂದೊಂದು ಮಚ್ಚೆ ಈಗಲೂ ಅಷ್ಟೇ ದಪ್ಪ."

"ಸರಿ, ಆ ಚುಕ್ಕೆಯೊಳಗೆ ಏನು ಕಂಡಿತಂತೆ?"

ಸಮಾರಂಭಕ್ಕೆ ಬರುವಾಗ ಚಿತ್ರಗಳನ್ನು ತರುತ್ತೇನೆ ಎಂದಿದ್ದೇನೆ.