ದರಿಯಾ ದೌಲತ್ತಿನ ಭಿತ್ತಿಚಿತ್ರಗಳೂ ಛಾಯಾಚಿತ್ರದ ವರ್ಣಪ್ರಾಮಾಣ್ಯವೂ

ಮಂಡ್ಯದ ಸೀಮೆಯ ಪ್ರಾಚೀನಾವಶೇಷಗಳು ಬಹುಮಟ್ಟಿಗೆ ಶಿಲಾಮಯವಾದುವು. ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳು ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತಾವೃತ್ತಿಯ 6ನೆಯ ಸಂಪುಟದಲ್ಲಿಯೂ ನಾಗಮಂಗಲದವು 7ನೆಯ ಸಂಪುಟದಲ್ಲಿಯೂ ಸೇರಿವೆ. ಶಾಸನವನ್ನು ಪ್ರತಿಮಾಡಲು ಒದ್ದೆಯ ಕಾಗದವೂ ಕುಂಚವೂ ಮಸಿಯೂ ಇದ್ದರೆ ಸಾಕು. ಕಲ್ಲಿನ ಬಣ್ಣವನ್ನು ಯಾರೂ ಕೇಳರು. ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯದ ಬಳಪದ ಕಲ್ಲು ಚಿತ್ರದಲ್ಲಿ ಕೊಂಚ ನೀಲಿಯಾಗಿ ತೋರಿದರೂ ಹಸಿರಾಗಿ ತೋರಿದರೂ ಶಿಲ್ಪದ ವಿಚಾರಕ್ಕೆ ಹಾನಿಯಿಲ್ಲ. ಆದರೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಮಾತು ಬೇರೆ. ಅಲ್ಲಿ ಬಣ್ಣವೇ ವಸ್ತು, ಬಣ್ಣವೇ ಸಾಕ್ಷಿ. ದೂರದಲ್ಲಿರುವ ವಿದ್ವಾಂಸನು ಆ ಸಾಕ್ಷಿಯನ್ನು ಛಾಯಾಚಿತ್ರದ ಮೂಲಕವೇ ವಿಚಾರಿಸಬೇಕಾಗಿರುವುದರಿಂದ, ಛಾಯಾಚಿತ್ರದ ವರ್ಣವು ಎಷ್ಟರಮಟ್ಟಿಗೆ ಪ್ರಮಾಣವೆಂಬುದನ್ನು ಇಲ್ಲಿ ವಿಮರ್ಶಿಸಲಾಗುವುದು.

ಟಿಪ್ಪು ಸುಲ್ತಾನನು ಈ ಅರಮನೆಯನ್ನು 1784ರಲ್ಲಿ ಕಟ್ಟಿಸಿದನು. ಇದರ ಪಶ್ಚಿಮದ ಗೋಡೆಯ ಮೇಲೆ 1780ನೆಯ ಸೆಪ್ಟೆಂಬರ್ 10ರಂದು ನಡೆದ ಪೊಲ್ಲಿಲೂರಿನ ಕಾಳಗವು ಚಿತ್ರಿತವಾಗಿದೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಯ್ಲಿ, ಅವನ ಸುತ್ತ ಕೆಂಪಂಗಿಯ ಸಿಪಾಯಿಗಳ ಚೌಕ, ಸಿಡಿಯುತ್ತಿರುವ ಮದ್ದಿನ ಬಂಡಿ ಇವುಗಳನ್ನು ಅಲ್ಲಿ ಕಾಣಬಹುದು. ಆದರೆ ನಾವು ಇಂದು ಕಾಣುತ್ತಿರುವುದು 1784ರ ಕೈಕೆಲಸವೇ? ರೈಸರವರು ಮೈಸೂರು ಗೆಜೆಟಿಯರಿನಲ್ಲಿ ಹೇಳಿರುವ ಪ್ರಕಾರ, ಈ ಚಿತ್ರವು ಮುತ್ತಿಗೆಗೆ ಮುಂಚೆಯೇ ಅಳಿಸಲ್ಪಟ್ಟಿದ್ದಿತು. ಇಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿಯು ಅದನ್ನು ಮತ್ತೆ ಬರೆಯಿಸಿದನು. ತರುವಾಯ ಪುನಃ ಸುಣ್ಣದಿಂದ ಮರೆಯಾಗಿ, 1855ರಲ್ಲಿ ಲಾರ್ಡ್ ಡಾಲ್‌ಹೌಸಿಯ ಆಜ್ಞೆಯಂತೆ, ಮೂಲವನ್ನು ನೆನಪಿನಲ್ಲಿಟ್ಟುಕೊಂಡಿದ್ದ ದೇಶೀಯ ಚಿತ್ರಕಾರನೊಬ್ಬನಿಂದ ಜೀರ್ಣೋದ್ಧಾರವಾಯಿತು. ಹೀಗಿರುವಲ್ಲಿ ಈ ಗೋಡೆಯು ಮೂವರು ಲಿಪಿಕಾರರ ಕೈ ಬಿದ್ದ ಗ್ರಂಥದಂತಿದೆ. ಯಾವುದು ಮೂಲ, ಯಾವುದು ಪ್ರಕ್ಷಿಪ್ತ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಇದಕ್ಕೆ ಬಣ್ಣದ್ರವ್ಯಗಳೇ ಉತ್ತರ ಹೇಳಬಲ್ಲವು. ಚಾಲುಕ್ಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಬಿಳುಪಿಗೆ ಶಂಖವೂ ಕೆಂಪಿಗೆ ದರದ, ಅಲಕ್ತಕ, ಗೈರಿಕಗಳೂ ಹಳದಿಗೆ ಹರಿತಾಲವೂ ಕಪ್ಪಿಗೆ ಕಾಡಿಗೆಯೂ ಹೇಳಲ್ಪಟ್ಟಿವೆ. ದರದವೆಂದರೆ ಇಂಗಲೀಕ, ಅಲಕ್ತಕವು ಅರಗಿನಿಂದ ಬಂದದ್ದು. ಮೊದಲನೆಯದು ಕಿತ್ತಳೆಯ ಕಡೆಗೆ ವಾಲುವ ಕೆಂಪು, ಎರಡನೆಯದು ನೀಲಿಯ ಕಡೆಗೆ ವಾಲುವ ಕೆಂಪು. ಇನ್ನು ಕ್ರೋಮಿಯಮ್ ಧಾತುವೇ 1797ರಲ್ಲಿ ಕಂಡುಹಿಡಿಯಲ್ಪಟ್ಟುದರಿಂದ, ಕ್ರೋಮ್ ಹಳದಿಯು ಎಲ್ಲಿ ದೊರೆತರೂ ಆ ಭಾಗವು 1784ರದಲ್ಲವೆಂಬುದು ನಿಸ್ಸಂದೇಹ. ಕೃತಕ ಅಲ್ಟ್ರಾಮರೀನ್ ನೀಲಿಯು ಫ್ರಾನ್ಸಿನಲ್ಲಿ ಹುಟ್ಟಿದ್ದೂ 1820ರ ದಶಕದಲ್ಲಿಯೇ.

ಭ್ರಮೆಗೆ ನಮ್ಮ ಶಾಸ್ತ್ರಕಾರರು ಕೊಡುವ ದೃಷ್ಟಾಂತವೊಂದು ಪ್ರಸಿದ್ಧವಾಗಿದೆ: ಕಾಮಾಲೆಯವನಿಗೆ ಬಿಳಿಯ ಶಂಖವು ಹಳದಿಯಾಗಿ ತೋರುವುದು. ದೋಷವು ಶಂಖದಲ್ಲಿಲ್ಲ, ಕಣ್ಣಿನಲ್ಲಿದೆ. ಕ್ಯಾಮರಾಕ್ಕೂ ಇಂತಹ ಕಾಮಾಲೆಯುಂಟು. ಡಿಜಿಟಲ್ ಕ್ಯಾಮರಾದ ಫಲಕದೊಳಗಣ ಬಿಂದುಗಳು ಬೆಳಕಿನ ಪರಿಮಾಣವನ್ನು ಅಳೆಯಬಲ್ಲವೇ ಹೊರತು ಬಣ್ಣವನ್ನು ಅರಿಯವು. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ ಎಂಬವನು 1976ರಲ್ಲಿ ಹಕ್ಕುಪತ್ರ ಪಡೆದ ಏರ್ಪಾಡಿನಂತೆ, ನಾಲ್ಕು ಬಿಂದುಗಳಲ್ಲಿ ಎರಡಕ್ಕೆ ಹಸಿರು, ಒಂದಕ್ಕೆ ಕೆಂಪು, ಒಂದಕ್ಕೆ ನೀಲಿಯ ಗಾಜುಗಣ್ಣು ಹಾಕಿರುತ್ತದೆ. ಈ ಬಿಂದುಗಳು ಕೊಟ್ಟ ಅಂಕಿಗಳನ್ನು ತಿದ್ದದೆ ಇಡುವ ಕಡತಕ್ಕೆ ‘ರಾ’ ಎಂದು ಹೆಸರು. 14 ಬಿಟ್ಟಿನ ಕಡತದಲ್ಲಿ ಪ್ರತಿಯೊಂದು ಅಂಕಿಗೆ 16,384 ಮೆಟ್ಟಿಲುಗಳು. ಸಾಮಾನ್ಯ ಜೆಪೆಗ್ ಚಿತ್ರದಲ್ಲಿ 256 ಮಾತ್ರ. ರಾ ಕಡತವು ಓಲೆಯ ಪ್ರತಿಯಿದ್ದಂತೆ. ಜೆಪೆಗ್ಗೋ, ಸಂಪಾದಕನು ತನ್ನ ಊಹಾಪಾಠಗಳನ್ನು ಸೇರಿಸಿ ಅಚ್ಚುಹಾಕಿಸಿ, ಓಲೆಯನ್ನು ಒಲೆಗೆ ಹಾಕಿದ ಪುಸ್ತಕದಂತೆ!

ಆದರೆ ಓಲೆಯಿದ್ದ ಮಾತ್ರಕ್ಕೆ ಪಾಠ ನಿರ್ಣಯವಾಗದು. ರಾ ಅಂಕಿಗಳಿಂದ ಬಣ್ಣವನ್ನು ಪಡೆಯಲು ಒಂದು ಒರೆಗಲ್ಲು ಬೇಕು. ಮೆಕ್ಯಾಮಿ ಮೊದಲಾದವರು 1976ರಲ್ಲಿ ಪ್ರಕಟಿಸಿದ 24 ಚೌಕಗಳ ವರ್ಣಫಲಕವೇ ಈ ಒರೆಗಲ್ಲು. ಅದರ ಕೆಳಸಾಲಿನ ಆರು ಚೌಕಗಳು ಬಿಳುಪಿನಿಂದ ಕಪ್ಪಿನವರೆಗಿನ ಬೂದುಬಣ್ಣಗಳು; ಉಳಿದ 18 ಬಗೆಬಗೆಯ ವರ್ಣಗಳು. ಫಲಕವನ್ನು ಗೋಡೆಗೆ ಸಮೀಪದಲ್ಲಿ, ಗೋಡೆಗೆ ಬೀಳುವ ಬೆಳಕಿನಲ್ಲಿಯೇ ಹಿಡಿದು ಚಿತ್ರ ತೆಗೆಯಬೇಕು. ಬಿಳಿಯ ಚೌಕವು ಬೆಳಕಿನ ಆಧಿಕ್ಯದಿಂದ ತುಂಬಿಹೋಗಬಾರದು. ಬೂದುಚೌಕದಲ್ಲಿ ಮೂರು ಅಂಕಿಗಳೂ ಸಮವಾಗುವಂತೆ ಮಾಡುವುದು ಮೊದಲ ಸಂಸ್ಕಾರ. ಅನಂತರ ಕ್ಯಾಮರಾ ಓದಿದ ವರ್ಣಗಳನ್ನು ಫಲಕದ ತಿಳಿದ ಬೆಲೆಗಳೊಡನೆ ಹೋಲಿಸಿ, ಒಂಬತ್ತು ಅಂಕಿಗಳ ಕೋಷ್ಟಕದಿಂದ 1931ರ ಅಂತಾರಾಷ್ಟ್ರೀಯ ವರ್ಣಮಾನಕ್ಕೆ ತರುವುದು ಎರಡನೆಯದು. ಈ ಕೋಷ್ಟಕವು ಯಾವ ಬೆಳಕಿನಲ್ಲಿ ಸಿದ್ಧವಾಯಿತೋ ಆ ಬೆಳಕಿಗೆ ಮಾತ್ರ ಸಲ್ಲುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ದರಿಯಾ ದೌಲತ್ತಿನಲ್ಲಿ ಈ ಮಾತಿಗೆ ವಿಶೇಷವಾದ ಅರ್ಥವಿದೆ. ಬಿಸಿಲು ತಾಗದಿರಲೆಂದು ಜಗಲಿಯ ಸುತ್ತಲೂ ಹಸಿರು ತೆರೆಗಳನ್ನು ಇಳಿಬಿಡುವುದುಂಟು. ಹೊರಗೆ ತೋಟದ ಹಸಿರು. ಇವೆರಡರಿಂದ ಸೋಸಿ ಬಂದ ಬೆಳಕೇ ಗೋಡೆಯನ್ನು ಮುಟ್ಟುವುದು. ಕ್ಯಾಮರಾ ತನ್ನಷ್ಟಕ್ಕೆ ತಾನು ಈ ಹಸಿರನ್ನು ಕಳೆಯಹೊರಟು ಮಿತಿಮೀರಿದರೆ ಚಿತ್ರವೆಲ್ಲವೂ ನಸುಗೆನ್ನೀಲಿಗೆ ತಿರುಗುವುದು. ಆಗ ಸಿಪಾಯಿಗಳ ಕೆಂಪಂಗಿಯು ಇಂಗಲೀಕದ ಛಾಯೆಯನ್ನು ಬಿಟ್ಟು ಅರಗಿನ ಛಾಯೆಯನ್ನು ತಾಳುತ್ತದೆ. ಇದನ್ನು ನೋಡಿ ‘ಚಿತ್ರಕಾರನು ಅಲಕ್ತಕವನ್ನು ಬಳಸಿದನು’ ಎಂದು ಬರೆದರೆ, ಪೀತಶಂಖವನ್ನು ಕಂಡು ಶಂಖಶಾಸ್ತ್ರವನ್ನು ಬರೆದಂತಾಗುವುದು. ಹಳದಿಯ ದೀಪದ ಬೆಳಕಿನಲ್ಲಿ ಸುಣ್ಣದ ಬಿಳುಪಿಗೂ ಇದೇ ಗತಿ.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಬೇರೆ ಬೇರೆ ದ್ರವ್ಯಗಳ ಎರಡು ಹಳದಿಗಳು ಒಂದು ಬೆಳಕಿನಲ್ಲಿ ಒಂದೇ ಆಗಿ ಕಂಡು ಮತ್ತೊಂದರಲ್ಲಿ ಬೇರೆಯಾಗಬಲ್ಲವು. ಇದು ಕೊರತೆಯೆಂದು ಹಲವರು ಎಣಿಸುವರು. ನಮಗೆ ಇದೇ ಉಪಕಾರಕ. ಹರಿತಾಲವೂ ಕ್ರೋಮ್ ಹಳದಿಯೂ ಹಗಲಿನಲ್ಲಿ ಒಂದಾಗಿ ತೋರಿದ್ದರೂ ದೀಪದಲ್ಲಿ ಬೇರೆಯಾಗುವ ಸಂಭವವಿರುವುದರಿಂದ, ಒಂದೇ ಗೋಡೆಯನ್ನು ತೆರೆ ಎತ್ತಿದ ಹಗಲಿನಲ್ಲಿಯೂ ತೆರೆ ಮುಚ್ಚಿ ಬೆಲೆಯರಿತ ದೀಪದಲ್ಲಿಯೂ, ಎರಡು ಸಲವೂ ಫಲಕವಿಟ್ಟು ಚಿತ್ರಿಸಿ ಹೋಲಿಸಬೇಕು. ಅಂತರ ಕಂಡ ಸ್ಥಳವೇ ಶೋಧನೆಗೆ ಯೋಗ್ಯವಾದ ಸ್ಥಳ. ದ್ರವ್ಯವು ಇಂತಹದೇ ಎಂದು ತೀರ್ಪು ಕೊಡುವ ಅಧಿಕಾರ ಕ್ಯಾಮರಾಕ್ಕಿಲ್ಲ. ಅದು ಕ್ಷಕಿರಣ ಪ್ರತಿದೀಪ್ತಿಯೇ ಮುಂತಾದ ರಾಸಾಯನಿಕ ಪರೀಕ್ಷೆಗಳ ಕೆಲಸ. ಆದರೆ ಅಷ್ಟು ದೊಡ್ಡ ಗೋಡೆಯಲ್ಲಿ ಎಲ್ಲಿ ಪರೀಕ್ಷಿಸಬೇಕೆಂಬುದನ್ನು ಹೇಳುವವರು ಬೇಡವೆ?

ಈ ಕಾಳಗದ ಚಿತ್ರಕ್ಕೆ ಕಾಗದದ ಮೇಲಣ ದೊಡ್ಡ ಪ್ರತಿಯೊಂದುಂಟು. ಅದು 2010ರಲ್ಲಿಯೂ 2022ರಲ್ಲಿಯೂ ಲಂಡನ್ನಿನಲ್ಲಿ ಹರಾಜಾಯಿತು. ಗೋಡೆಯ ಪಾಠವನ್ನು ಅದರೊಡನೆ ಹೋಲಿಸುವ ಆಸೆ ಸಹಜ. ಆದರೆ ಎರಡರ ಚಿತ್ರಗಳೂ ಒಂದೇ ಫಲಕದಿಂದ ಅಳೆಯಲ್ಪಡದೆ, ರಾ ಕಡತವೂ ಬೆಳಕಿನ ವಿವರವೂ ಕೋಷ್ಟಕದಲ್ಲಿ ಉಳಿದ ದೋಷದ ಪರಿಮಾಣವೂ ಜೊತೆಗೆ ಪ್ರಕಟವಾಗದೆ ಇದ್ದರೆ, ಕಾಗದದ ಕೆಂಪನ್ನೂ ಗೋಡೆಯ ಕೆಂಪನ್ನೂ ಅಕ್ಕಪಕ್ಕದಲ್ಲಿಟ್ಟು ವಾದಿಸಲು ನಮಗೆ ಆಧಾರವಿಲ್ಲ.