ಹೊನ್ನಿನಿಂದ ಕಟ್ಟಿದ ಹಲ್ಲು

ತ, ಥ, ದ, ಧ, ನ ಎಂಬ ಅಕ್ಷರಗಳನ್ನು ನಮ್ಮ ವೈಯಾಕರಣರು ದಂತ್ಯಗಳೆಂದು ಕರೆದಿರುವರು. ಅದೆಷ್ಟು ದಿಟವೆಂಬುದು ಮುಂದಿನ ಹಲ್ಲೊಂದು ಬಿದ್ದಲ್ಲದೆ ಮನಸ್ಸಿಗೆ ನಾಟುವುದಿಲ್ಲ. ಕೆಲವು ವರ್ಷಗಳ ಹಿಂದೆ ನನಗೆ ಆ ಪಾಠವಾಯಿತು. ತರಗತಿಯಲ್ಲಿ ‘ಸಾಮ್ರಾಜ್ಯದ ಅವನತಿ’ ಎನ್ನುವಷ್ಟರಲ್ಲಿ ಬಾಯಿಂದ ಸಿಳ್ಳು ಹೊರಟು ಹಿಂದಿನ ಬೆಂಚುಗಳೆಲ್ಲ ನಕ್ಕುವು. ಕೇವಲ ಧ್ವನಿಯಿಂದ ತಮ್ಮನ್ನು ಮುಟ್ಟಬೇಕಾದ ಈ ಭಾಷಣಕ್ಕೆ ನಾನು ಇಂಥ ವಿಷಯವನ್ನು ಆರಿಸಿಕೊಂಡುದಕ್ಕೆ ಅದೇ ಕಾರಣ.

ಹೋದ ಹಲ್ಲಿನ ಸ್ಥಾನದಲ್ಲಿ ಬೇರೊಂದನ್ನು ಇಡಿಸಿಕೊಳ್ಳುವುದಕ್ಕೆ ‘ಹಲ್ಲು ಕಟ್ಟಿಸುವುದು’ ಎನ್ನುತ್ತೇವಷ್ಟೆ. ಈ ಮಾತು ಅಕ್ಷರಶಃ ಸಲ್ಲುವುದು ಪ್ರಾಚೀನ ಇಟಲಿಯ ಎಟ್ರಸ್ಕನ್ ಜನರಿಗೆ. ಕ್ರಿಸ್ತಪೂರ್ವ 7ನೆಯ ಶತಮಾನದಷ್ಟು ಹಿಂದೆಯೇ ಅವರ ಅಕ್ಕಸಾಲಿಗರು ಮೆದುವಾದ ಚೊಕ್ಕ ಚಿನ್ನದ ತೆಳುಪಟ್ಟಿಯನ್ನು ಗಟ್ಟಿಯಾಗಿದ್ದ ಹಲ್ಲುಗಳಿಗೆ ಸುತ್ತಿ, ನಡುವಣ ಬರಿದೆಡೆಯಲ್ಲಿ ಮನುಷ್ಯನದೋ ಪಶುವಿನದೋ ಹಲ್ಲನ್ನು ಸಣ್ಣ ಮೊಳೆಯಿಂದ ಬಂಧಿಸುತ್ತಿದ್ದರು. ಇವುಗಳನ್ನು ಧರಿಸಿದವರು ಹೆಚ್ಚಾಗಿ ಸಿರಿವಂತ ಸ್ತ್ರೀಯರೆಂದು ವಿದ್ವಾಂಸರು ಊಹಿಸುತ್ತಾರೆ. ಅಗಿಯುವುದಕ್ಕಿಂತ ಮೆರೆಯುವುದಕ್ಕೇ ಅವು ಒದಗುತ್ತಿದ್ದಿರಬೇಕು.

ಸುಮಾರು ಕ್ರಿ. ಪೂ. 450ರ ರೋಮಿನ ಹನ್ನೆರಡು ಫಲಕಗಳ ಶಾಸನದಲ್ಲಿ ಇದಕ್ಕೆ ಸ್ವಾರಸ್ಯವಾದ ಸಾಕ್ಷ್ಯವಿದೆ. ಶವದೊಡನೆ ಚಿನ್ನವನ್ನು ಇಡಕೂಡದೆಂದು ವಿಧಿಸಿದ ಆ ನಿಷ್ಠುರ ಶಾಸನವು, ಹಲ್ಲುಗಳನ್ನು ಬಿಗಿದ ಚಿನ್ನಕ್ಕೆ ಮಾತ್ರ ವಿನಾಯಿತಿ ಕೊಟ್ಟಿತು. ಸತ್ತವರ ಬಾಯಿಗೆ ಕೈಯಿಕ್ಕಲು ಆ ಕಾಲದ ರೋಮಕರು ಹಿಂಜರಿದರೆನ್ನಬೇಕು.

ಎರಡು ಸಾವಿರ ವರ್ಷಗಳ ಮೇಲೆ ಈ ಹಿಂಜರಿಕೆಯು ಉಳಿದಿರಲಿಲ್ಲ. 18ನೆಯ ಶತಮಾನದಲ್ಲಿ ಸಕ್ಕರೆ ಯೂರೋಪಿನ ಶ್ರೀಮಂತರ ಹಲ್ಲುಗಳನ್ನು ಕೆಡಿಸುತ್ತಿರಲು, ಲಂಡನ್ನಿನ ಬಡವರು ತಮ್ಮ ಗಟ್ಟಿಹಲ್ಲುಗಳನ್ನು ಕೀಳಿಸಿ ಮಾರುತ್ತಿದ್ದರು. 1815ರ ವಾಟರ್ಲೂ ಕದನದ ತರುವಾಯ ರಣರಂಗದಲ್ಲಿ ಮಡಿದ ತರುಣರ ಹಲ್ಲುಗಳೂ ಮಾರುಕಟ್ಟೆಗೆ ಬಂದುವು. ‘ವಾಟರ್ಲೂ ಹಲ್ಲು’ ಎಂಬ ಹೆಸರೇ ನಿಂತಿತು. ಸ್ವಾತಂತ್ರ್ಯದ ವೀರನೆನಿಸಿದ ಜಾರ್ಜ್ ವಾಷಿಂಗ್ಟನ್ನರ ಪ್ರಸಂಗವು ಇದಕ್ಕಿಂತಲೂ ಕಳವಳಕರ. 1789ರಲ್ಲಿ ಅಧ್ಯಕ್ಷಪದವಿಯ ಪ್ರಮಾಣವಚನ ಮಾಡುವಾಗ ಅವರ ಬಾಯಲ್ಲಿ ಸ್ವಂತ ಹಲ್ಲು ಒಂದೇ ಉಳಿದಿತ್ತು. ಅವರ ಹಲ್ಲುಗಳು ಮರದವೆಂಬ ಕಥೆ ಸುಳ್ಳು. ಅವು ನೀರಾನೆಯ ದಂತ, ಮನುಷ್ಯರ ಹಲ್ಲು, ಲೋಹ ಇವುಗಳಿಂದಾದುವು. ಅವರ ಮನೆಯ 1784ರ ಲೆಕ್ಕದಲ್ಲಿ, ಒಂಬತ್ತು ಹಲ್ಲುಗಳಿಗಾಗಿ ನೀಗ್ರೋಗಳಿಗೆ ಹಣ ಕೊಟ್ಟುದಾಗಿ ಬರೆದಿದೆ. ಅವೇ ಹಲ್ಲುಗಳು ವಾಷಿಂಗ್ಟನ್ನರ ಬಾಯನ್ನು ಸೇರಿದುವೆಂದು ಆ ಪುಸ್ತಕವು ಹೇಳುವುದಿಲ್ಲ. ಆದರೆ ಗುಲಾಮನು ‘ಮಾರಿದನು’ ಎಂಬ ಕ್ರಿಯಾಪದಕ್ಕೆ ಎಷ್ಟು ಅರ್ಥವಿದ್ದೀತು?

ಈ ವ್ಯಾಪಾರವನ್ನು ಕ್ರಮೇಣ ಅಳಿಸಿದುದು ಪಿಂಗಾಣಿಯ ಹಲ್ಲು. ಅದರೊಡನೆ, ಗುಡ್‌ಇಯರ್ ಕಂಡುಹಿಡಿದ ಗಡಸು ರಬ್ಬರು ಹಲ್ಲುಸೆಟ್ಟನ್ನು ಸಾಮಾನ್ಯನ ಕೈಗೆಟುಕುವಂತೆ ಮಾಡಿತು.

ಇನ್ನು ಸ್ಥಿರವಾದ ಸೇತುವೆಯ ಮಾತು. ಬಿದ್ದ ಹಲ್ಲಿನ ಎಡಬಲದವೆರಡನ್ನು ಅರೆದು ಕಿರಿದುಮಾಡಿ, ಅವಕ್ಕೆ ಕುಲಾವಿಯಂತೆ ತೊಡಿಸಿದ ಕವಚಗಳ ನಡುವೆ ಹೊಸ ಹಲ್ಲನ್ನು ತೂಗುವರು. ಕವಚವು ಕೂದಲೆಳೆಯಷ್ಟೂ ಸಡಿಲವಾಗಿರಕೂಡದು. ಈ ಖಚಿತತೆಗೆ ದಾರಿಮಾಡಿದುದು ಅಮೆರಿಕದ ವಿಲಿಯಂ ಟ್ಯಾಗರ್ಟ್ 1907ರಲ್ಲಿ ಪ್ರಕಟಿಸಿದ ಎರಕದ ಕ್ರಮ: ಮೇಣದಲ್ಲಿ ಮಾದರಿಯನ್ನು ಮಾಡಿ, ಅದರ ಸುತ್ತ ಅಚ್ಚನ್ನು ಕಟ್ಟಿ, ಮೇಣವನ್ನು ಕರಗಿಸಿ ಕಳೆದು, ಆ ಟೊಳ್ಳಿಗೆ ಚಿನ್ನವನ್ನು ಒತ್ತಿ ತುಂಬುವುದು. ಕೇಳಿದಂತಿದೆಯಲ್ಲವೆ? ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ದೇವತಾಪ್ರತಿಮೆಗಳಿಗೆ ವಿಧಿಸಿರುವ ಮೇಣದ ಎರಕದ ತತ್ತ್ವವೂ ಇದೇ. ಟ್ಯಾಗರ್ಟನು ಅದನ್ನು ಓದಿದ್ದನೆಂದು ನನ್ನ ವಾದವಲ್ಲ. ಪ್ರಪಂಚದ ಅನೇಕ ನಾಡುಗಳ ಕಂಚುಗಾರರಿಗೆ ತಿಳಿದಿದ್ದ ಹಳೆಯ ವಿದ್ಯೆ ಅದು.

ಸೇತುವೆಗೆ ಒಂದು ದೋಷವುಂಟು: ಕಳೆದುಹೋದವನ ಭಾರವನ್ನು ಹೊರುವುದಕ್ಕಾಗಿ ನಿರಪರಾಧಿಗಳಾದ ನೆರೆಯವರಿಬ್ಬರು ಮೈ ಸವೆಸಿಕೊಳ್ಳಬೇಕು. ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬವರು ಟೈಟೇನಿಯಂ ಲೋಹವು ಎಲುಬಿನೊಡನೆ ಬೆಸೆದುಕೊಳ್ಳುವುದನ್ನು ಕಂಡು, 1965ರಲ್ಲಿ ಮೊದಲ ರೋಗಿಯ ದವಡೆಗೇ ಲೋಹದ ಬೇರನ್ನು ನೆಟ್ಟ ಮೇಲೆ ಆ ತ್ಯಾಗವು ಅನಿವಾರ್ಯವಾಗಿ ಉಳಿಯಲಿಲ್ಲ. ನಾನಾದರೋ ಖರ್ಚನ್ನು ಲೆಕ್ಕಹಾಕಿ ಹಳೆಯ ಸೇತುವೆಗೇ ಒಪ್ಪಿದೆನು. ವೈದ್ಯರು ಅರೆಯುವ ಮುನ್ನ ಕನ್ನಡಿಯಲ್ಲಿ ಆ ಎರಡು ಹಲ್ಲುಗಳನ್ನೊಮ್ಮೆ ನೋಡಿಕೊಂಡೆನು. ಎರಡರಲ್ಲಿಯೂ ಒಂದು ಚುಕ್ಕೆ ಹುಳುಕಿರಲಿಲ್ಲ.