ತೋಪು ಸೈಟಾದಾಗ ಬೆಲೆ ಕಟ್ಟಿದವರು ಯಾರು?

ಶ್ರೀನಿವಾಸಪುರಕ್ಕೆ ಹಿಂದೆ ಪಾಪನಪಲ್ಲಿ ಎಂಬ ಹೆಸರಿತ್ತು. ತಿರುಪತಿ ಯಾತ್ರೆಯಿಂದ ಮರಳುತ್ತಿದ್ದ ದಿವಾನ್ ಪೂರ್ಣಯ್ಯನವರು ತಮ್ಮ ಮಗ ಶ್ರೀನಿವಾಸಮೂರ್ತಿಯ ಹೆಸರನ್ನು ಊರಿಗಿಟ್ಟರೆಂದು ಹಳೆಯ ಗ್ಯಾಸೆಟಿಯರ್‌ಗಳು ಹೇಳುತ್ತವೆ. ಆ ಕಾಲದಲ್ಲಿ ನೆಲವನ್ನು ಅಳೆಯುತ್ತಿದ್ದದ್ದು ಬಿತ್ತನೆಯ ಲೆಕ್ಕದಲ್ಲಿ: ಇಷ್ಟು ಕೊಳಗ, ಇಷ್ಟು ಖಂಡುಗ. ಕೆರೆಯ ನೀರು ಹಾಯುತ್ತದೆಯೇ, ಮಣ್ಣು ಎಂಥದ್ದು, ಬೆಳೆ ಎಷ್ಟು ಬರುತ್ತದೆ ಎಂಬುದರ ಮೇಲೆ ಅದರ ಯೋಗ್ಯತೆ ನಿಂತಿತ್ತು.

1860ರ ದಶಕದಲ್ಲಿ ಮೈಸೂರು ಸೀಮೆಗೆ ರೆವಿನ್ಯೂ ಸರ್ವೆ ಬಂತು. ಸರಪಳಿಯ ಉದ್ದ 33 ಅಡಿ; ಉದ್ದಕ್ಕೂ ಅಗಲಕ್ಕೂ ಒಂದೊಂದು ಸರಪಳಿ ಎಂದರೆ 1,089 ಚದರಡಿಯ ಗುಂಟೆ; 40 ಗುಂಟೆಗೆ ಒಂದು ಎಕರೆ. ಈ ಲೆಕ್ಕ ಇಂದಿಗೂ ಪಹಣಿಯಲ್ಲಿದೆ. ಆದರೆ ಸರ್ವೆಯವರು ಕಟ್ಟಿದ್ದು ಕಂದಾಯವನ್ನು, ಮಾರಾಟದ ಬೆಲೆಯನ್ನಲ್ಲ.

ಹೊಲ ಸೈಟಾಗಬೇಕಾದರೆ ಅಪ್ಪಣೆ ಬೇಕು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂಪರಿವರ್ತನೆಯ ಅಧಿಕಾರ ಜಿಲ್ಲಾಧಿಕಾರಿಯದು. ಜನ ಇದನ್ನು ‘ಕನ್ವರ್ಷನ್’ ಎನ್ನುತ್ತಾರೆ. ಅದರ ಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಲೇಔಟ್ ನಕ್ಷೆಗೆ ಮಂಜೂರಾತಿ ಸಿಗಬೇಕು. ಇವೆರಡೂ ಇಲ್ಲದೆ ಪಹಣಿ ಜಮೀನನ್ನೇ ತುಂಡು ಮಾಡಿ ಮಾರಿದ ರೆವಿನ್ಯೂ ಸೈಟುಗಳು ರಾಜ್ಯದುದ್ದಕ್ಕೂ ಇವೆ. ಅಗ್ಗವೆಂದು ಕೊಂಡವರು ಖಾತೆಗೂ ಸಾಲಕ್ಕೂ ಅಲೆಯುತ್ತಾರೆ. ಅಂಥ ಸೈಟಿನ ದರವನ್ನು ಮಂಜೂರಾದ ಸೈಟಿಗೆ ಹೋಲಿಸುವುದೇ ತಪ್ಪು.

ನ್ಯಾಯವಾದ ಬೆಲೆ ಯಾವುದೆಂಬ ವಿಚಾರವನ್ನು ಕೂಲಂಕಷವಾಗಿ ಬಿಡಿಸಿದ್ದು ಭೂಸ್ವಾಧೀನದ ಮೊಕದ್ದಮೆಗಳು. 1988ರ ಚಿಮನ್‌ಲಾಲ್ ಹರಗೋವಿಂದದಾಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ದಾರಿ ತೋರಿಸಿತು. ಹತ್ತಿರದ ಜಾಗದ, ಹತ್ತಿರದ ಕಾಲದ ನಿಜವಾದ ಕ್ರಯಗಳನ್ನು ನೋಡಬೇಕು. ರಸ್ತೆಗೆ ತಾಗಿದ್ದಕ್ಕೂ ಒಳಗಿರುವುದಕ್ಕೂ ಇರುವ ಅಂತರವನ್ನು ಕಳೆದು ಕೂಡಿಸಬೇಕು. ಸಣ್ಣ ಸೈಟಿನ ದರವನ್ನು ದೊಡ್ಡ ಜಮೀನಿಗೆ ಹಾಗೆಯೇ ಹಚ್ಚುವಂತಿಲ್ಲ. ರಸ್ತೆ ಬಿಡಬೇಕು, ಬಯಲು ಬಿಡಬೇಕು, ಕೊಳ್ಳುವವರಿಗಾಗಿ ಕಾಯಬೇಕು; ಅದಕ್ಕೆಂದು ಸುಮಾರು ಶೇ. 20ರಿಂದ 50ರಷ್ಟು ಕಡಿತ.

ಈ ಲೆಕ್ಕವನ್ನು ತಿರುಗಿಸಿ ಹಾಕಿದರೆ ಕೊಳ್ಳುವವನಿಗೂ ಉಪಯೋಗವಿದೆ. ಎಕರೆಯ 43,560 ಚದರಡಿಯಲ್ಲಿ ಶೇ. 45 ಭಾಗ ರಸ್ತೆಗೂ ಉದ್ಯಾನಕ್ಕೂ ಹೋಯಿತೆನ್ನಿ. ಉಳಿಯುವುದು 23,958 ಚದರಡಿ, ಅಂದರೆ ಸುಮಾರು 20 ಸೈಟು, ಒಂದೊಂದೂ 30×40 ಅಳತೆಯದು. ಜಮೀನಿನ ದರ, ಕನ್ವರ್ಷನ್ ಶುಲ್ಕ, ಚರಂಡಿ, ಕರೆಂಟು, ಬಂಡವಾಳದ ಬಡ್ಡಿ, ಮಾರುವವನ ಲಾಭ ಇಷ್ಟನ್ನೂ ಆ 20ಕ್ಕೆ ಹಂಚಿ ನೋಡಿದರೆ ದಲ್ಲಾಳಿ ಹೇಳುವ ಬೆಲೆಯಲ್ಲಿ ಹುರುಳೆಷ್ಟೆಂದು ತಿಳಿಯುತ್ತದೆ.

ಮಾವಿನ ನಾಡಾದ ಶ್ರೀನಿವಾಸಪುರಕ್ಕೆ ಇನ್ನೊಂದು ತೀರ್ಪು ನೇರವಾಗಿ ತಟ್ಟುತ್ತದೆ. 1995ರ ಗುರುಚರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನೆಲಕ್ಕೊಂದು ಬೆಲೆ, ಅದರ ಮೇಲಿನ ಹಣ್ಣಿನ ಮರಕ್ಕೆ ಬೇರೊಂದು ಬೆಲೆ ಎಂದು ಎರಡನ್ನೂ ಕೊಡಲಾಗದು ಎಂದಿತು. ಮರ ನೆಟ್ಟು ವರ್ಷಗಟ್ಟಲೆ ಕಾದ ರೈತನಿಗೆ ಇದು ಕಹಿ. ಆದರೂ ತೋಪು ಲೇಔಟಾಗುವ ಊರಿನಲ್ಲಿ ಇದನ್ನು ತಿಳಿದೇ ಮಾತಿಗೆ ಕೂರಬೇಕು.

ಸಬ್ ರಿಜಿಸ್ಟ್ರಾರ್ ಕಚೇರಿಯ ಮಾರ್ಗಸೂಚಿ ಬೆಲೆಯ ಕತೆ ಬೇರೆ. ಕ್ರಯಪತ್ರದಲ್ಲಿ ಬೆಲೆ ಕಡಿಮೆ ಬರೆಸಿ ಮುದ್ರಾಂಕ ಶುಲ್ಕ ತಪ್ಪಿಸುವುದನ್ನು ತಡೆಯಲು 1957ರ ಮುದ್ರಾಂಕ ಕಾಯ್ದೆಯ 45ಬಿ ಕಲಮಿನಡಿ ಮೌಲ್ಯಮಾಪನ ಸಮಿತಿಗಳು ಅದನ್ನು ಗೊತ್ತುಮಾಡುತ್ತವೆ. ಅದು ಶುಲ್ಕದ ಅಳತೆ. ನೆರೆಯ ಆಂಧ್ರದಿಂದ ಸುಪ್ರೀಂ ಕೋರ್ಟಿಗೆ ಹೋದ ಜವಾಜಿ ನಾಗನಾಥಂ ಮೊಕದ್ದಮೆಯಲ್ಲಿ, ಶುಲ್ಕಕ್ಕೆಂದು ಇಟ್ಟ ಇಂಥ ದರಪಟ್ಟಿ ಮಾರುಕಟ್ಟೆ ಬೆಲೆಗೆ ಆಧಾರವಾಗದು ಎಂದು 1994ರಲ್ಲೇ ತೀರ್ಮಾನವಾಗಿದೆ.

ಹಾಗಾಗಿ ಸೈಟು ಕೊಳ್ಳುವವರು ಮುಂಗಡ ಕೊಡುವ ಮೊದಲು ಮಂಜೂರಾದ ನಕ್ಷೆಯನ್ನೂ ಕನ್ವರ್ಷನ್ ಆದೇಶವನ್ನೂ ಕೇಳಿ ಪಡೆಯಿರಿ. ಅಕ್ಕಪಕ್ಕದ ಸೈಟುಗಳ ಮೂರು ವರ್ಷದ ಕ್ರಯಪತ್ರಗಳನ್ನು ಓದಿ, ಚಕ್ಕುಬಂದಿಯನ್ನು ನೆಲದ ಮೇಲೆ ನಡೆದು ಸರಿನೋಡಿ.